ಅರ್ಥ್ ವಯರು

ಡೈರಿ ಸರ್ಕಲ್ಲಿನಲ್ಲಿ ನಿಂತುಬಿಟ್ಟಿತು ಮಾರಿಸ್ ಮೈನರು.
ಹಿಂದೆ ಹಾಲಿನ ಟ್ಯಾಂಕರು, ಅದರ ಹಿಂದೆ
ಇಡೀ ಹಾಸನದ ಹಾರನ್ನು.
ಕೀ ತಿರುಗಿಸಿದೆ. ಕೆಂಪು ದೀಪ ಹತ್ತಿತು.
ಟಿಕ್ ಎನ್ನಬೇಕಾದ್ದು ಎನ್ನಲಿಲ್ಲ.

ಬಾನೆಟ್ಟೆತ್ತಿ, ಎಡಗಾಲಿನ ಚಪ್ಪಲಿ ಕಳಚಿ
ಪೆಟ್ರೋಲ್ ಪಂಪಿನ ತಲೆಗೆ ಹಿಮ್ಮಡಿಯಿಂದ ಒಂದು ಕೊಟ್ಟೆ.
ಟಿಕ್.
ಇನ್ನೊಂದು ಕೊಟ್ಟೆ. ಟಿಕ್ ಟಿಕ್. ಆಮೇಲೆ
ಬಾಯಿ ಹೊಲಿದುಕೊಂಡಿತು.
"ಗುಜರಿಗೆ ಹಾಕಿ ಮೇಡಂ" ಎಂದ ಟ್ಯಾಂಕರಿನವನು
ತಾನೇ ಇಳಿದು ಬಂದು ತಳ್ಳಿದ.

ಪೆನ್ಷನ್ ಮೊಹಲ್ಲಾದ ಕಲಂದರ್ ಸಾಬರಿಗೆ
ಕಿವಿ ಹೋಗಿ ಒಂಬತ್ತು ವರ್ಷ.
ಲೇತು ತಿಂದಿತು ಅನ್ನುತ್ತಾರೆ, ಇಲಿ ಅಕ್ಕಿ ತಿಂದ
ಸುದ್ದಿ ಹೇಳುವಂತೆ.
ಸ್ಕ್ರೂಡ್ರೈವರಿನ ತುದಿ ಪಂಪಿಗಿಟ್ಟು
ಹಿಡಿಯನ್ನು ದವಡೆಗೊತ್ತಿ ಕಣ್ಣು ಮುಚ್ಚಿದರು.
"ಮೂಳೆಗೆ ಏನೂ ಬರ್ತಿಲ್ಲ. ನಿಮ್ಮ ಕಿವಿ ಕೊಡಿ."

ಕೊಟ್ಟೆ. ಅದಕ್ಕೇ ಪಳಗಿದ ಕಿವಿ ನನ್ನದು.
ಮೂವತ್ತೊಂದು ವರ್ಷ ಸಾಲಗಾಮೆ ರಸ್ತೆಯ ಮಹಡಿಯಲ್ಲಿ
ಟೈಪು ಕಲಿಸಿದವಳು; ಬೆನ್ನು ತಿರುಗಿಸಿ ನಿಂತೇ
ಮೂರನೇ ಮೆಷೀನಿನ ಕಿರುಬೆರಳು ಸೋಮಾರಿ
ಎಂದು ಹೇಳಬಲ್ಲವಳು.
ಕಲಿಯುವವರು ನಿಂತ ಮೇಲೆ ಹದಿನಾಲ್ಕು ಮೆಷೀನು
ತೂಕಕ್ಕೆ ಹಾಕಿ, ಬಂದ ದುಡ್ಡಿಗೆ ಒಂದಷ್ಟು ಸೇರಿಸಿ
ಇನ್ನೊಂದು ಟಿಕ್‌ಟಿಕ್ ಕೊಂಡುತಂದೆ.

"ನಿಲ್ಲೋದ್ರಲ್ಲಿ ಎರಡು ಥರ," ಸಾಬರೆಂದರು,
"ಹೊಟ್ಟೆ ತುಂಬಿ ಸುಮ್ಮನಾಗೋದು ಒಂದು,
ಉಸಿರು ಹೋಗಿ ಸುಮ್ಮನಾಗೋದು ಒಂದು.
ಹೊರಗಡೆ ನಿಂತವರಿಗೆ ಎರಡೂ ಒಂದೇ.
ಬಿಡುವಿಲ್ಲದೆ ಬಡಕೊಂಡ್ರೆ ಗಾಳಿ ಕುಡೀತಿದೆ ಅಂತ.
ಆ ಕಾಯಿಲೆ ನಿಮ್ಮದಕ್ಕಿಲ್ಲ."

ಬೇಕಲೈಟಿನ ಟೋಪಿ ಬಿಚ್ಚಿದರು.
ಪಾಯಿಂಟು ಎರಡೂ ಸುಟ್ಟು
ಅಡಿಹತ್ತಿದ ಪಾಯಸದ ಬಣ್ಣ.
ನಯದ ಎಮರಿಯಲ್ಲಿ ಉಜ್ಜಿ, ನನ್ನಿಂದ ಹತ್ತರ ನೋಟು ಕೇಳಿ
ಸಂದಿಯಲ್ಲಿ ಎರಡು ಸಲ ಎಳೆದು
ನೋಟಿಗೆ ಬಿದ್ದ ಕಪ್ಪುಗೆರೆ ತೋರಿಸಿ ವಾಪಸು ಕೊಟ್ಟರು.
ಕೀ. ಟಿಕ್. ಟಿಕ್.
ಮತ್ತೆ ಇಲ್ಲ.

ಕೆಲಸ ಕಲಿಯುವ ಸುಹೇಲ ಟೆಸ್ಟ್ ಬಲ್ಬು ತಂದು
ವಯರಿನ ತುದಿಗೆ ತಾಗಿಸಿದ. ಬಲ್ಬು ಉರಿಯಿತು.
"ಕರೆಂಟು ಬರ್ತಿದೆ ಚಾಚಾ," ಬಾಯಲ್ಲೂ ಹೇಳಿದ, ಕೈಯಲ್ಲೂ ಹೇಳಿದ.
"ಬರೋದೇನು ದೊಡ್ಡದಲ್ಲ ಮರಿ, ವಾಪಸು ಹೋಗೋಕೆ ದಾರಿ ಬೇಕು.
ಅರ್ಥು ನೋಡು. ಹಳೇ ಗಾಡಿ, ಇದರದ್ದು ಪ್ಲಸ್ಸೇ ಭೂಮಿಗೆ."
ಹುಡುಗ ತಡಕಾಡಿ, ತಲೆಯೆತ್ತಿ ಅಂದ:
"ಅರ್ಥ ಸಿಗ್ತಿಲ್ಲ."
ಯಾರಿಗಪ್ಪಾ ಸಿಕ್ಕಿದೆ ಎಂದು ನನಗೆ ನಗು.
ನಗು ಅರ್ಧಕ್ಕೇ ನಿಂತಿತು.

ಸ್ಕ್ರೂವಿನ ಕೆಳಗೆ, ವಾಶರಿನ ಕೆಳಗೆ
ಮಿರಮಿರ ಮಿಂಚುವ ಹಸಿರು ಬಣ್ಣ.
ಎರಡು ಕೋಟು. ನಾನೇ ಹೊಡೆದದ್ದು.
ಜನವರಿಯಲ್ಲಿ, ಹಳೇ ಕಾರುಗಳ ಮೆರವಣಿಗೆಗೆ ಮುಂಚೆ
ಮೂರು ಸಂಜೆ ಕೂತು, ಒಂದೊಂದೇ ಬಿಚ್ಚಿ,
ಮೂಲೆಮೂಲೆಗೆ ಬ್ರಶ್ಶು ತೂರಿಸಿ.
ಎಂಜಿನ್ನು ಕೂಡ ಎಷ್ಟು ಚೆಂದ ಅಂದಿದ್ದರು ಯಾರೋ.
ಆ ಚೆಂದದ ಅಡಿಯಲ್ಲಿ ವಾಶರಿನ ಒಂದು ಹಲ್ಲು
ಹೇಗೋ ತಗಡು ಕಚ್ಚಿ ಎಂಟು ತಿಂಗಳು ನಡೆಸಿ
ಮಳೆಗಾಲದ ತುಕ್ಕಿಗೆ ಸೋತಿತ್ತು.

ಸಾಬರು ನನ್ನ ಕಡೆ ನೋಡಿ
ಗಾಳಿಯಲ್ಲಿ ಬ್ರಶ್ಶು ಆಡಿಸಿ ಕೇಳಿದರು: ನೀವಾ?
ತಲೆಯಾಡಿಸಿದೆ.
ಮಾತಿಲ್ಲದೆ ಚಾಕುವಿನ ಹಿಂಬದಿಯಿಂದ
ಎಂಟಾಣೆಯಷ್ಟಗಲ ಕೆರೆದರು,
ಹಸಿರು ಹೋಗಿ, ಕೆಂಪು ಪ್ರೈಮರು ಹೋಗಿ
ಬೆಳ್ಳಗೆ ಬರೀ ಕಬ್ಬಿಣ ಬರುವ ತನಕ.

ಕೀ.
ಟಿಕ್ ಟಿಕ್ ಟಿಕ್ ಟಿಕ್
ಸಾಬರ ದವಡೆಗೆ ಸ್ಕ್ರೂಡ್ರೈವರು,
ಬಿಡುವಾದ ಕೈ ಮಡ್ಗಾರ್ಡಿನ ಮೇಲೆ ತಾಳ.
ನಾನು ಎಣಿಸುತ್ತಿದ್ದೆ.
ಇಪ್ಪತ್ತಮೂರಕ್ಕೆ ನಿಧಾನ. ಇಪ್ಪತ್ತಾರಕ್ಕೆ ನಿಂತಿತು.

ಸುಹೇಲ ಗಾಬರಿಯಾಗಿ
ಹೊಡೆಯಲು ಸ್ಪ್ಯಾನರು ಎತ್ತಿದ.
ಇಬ್ಬರೂ ಒಟ್ಟಿಗೇ ಅವನ ಮಣಿಕಟ್ಟು ಹಿಡಿದೆವು.