ಪೆಟ್ಟಿಗೆ ಒಪ್ಪಿಸುವಾಗ

ಬಿಳಿ ನೈಲ್ ದಂಡೆಯ ಹಳ್ಳಿಯೊಂದರಲ್ಲಿ, ಅಮ್ಮೂನಾ ಹೊಸ ಸೂಲಗಿತ್ತಿಗೆ ಹೇಳಿದ್ದು

ಕೂತುಕೋ ಇಹ್ಸಾನ್. ಮಂಚ ಕಿರುಗುಟ್ಟುತ್ತದೆ, ಹೆದರಬೇಡ,
ನನ್ನ ಮೊಣಕಾಲೂ ಹಾಗೆಯೇ.
ಇದು ಪೆಟ್ಟಿಗೆ. ಇಪ್ಪತ್ತೊಂಬತ್ತು ವರ್ಷ
ಕತ್ತೆಯ ಮೇಲೆ ನನಗಿಂತ ಮುಂದೆ ಕೂತು ಹೋದದ್ದು.
ಮುಚ್ಚಳದ ಈ ತಗ್ಗು ಕಾಲುವೆಯಲ್ಲಿ ಮುಗ್ಗರಿಸಿದ ದಿನದ್ದು.
ಮಗು ಹೊತ್ತಿಗೆ ಸರಿಯಾಗಿ ಬಂತು, ನಾನೇ ತಡ.

ಅದಕ್ಕೂ ಮೊದಲು ನಾನು ಹಗ್ಗದ ಸೂಲಗಿತ್ತಿ.
ತೊಲೆಗೆ ಹಗ್ಗ, ಕೆಳಗೆ ಮರಳಿನ ಗುಳಿ,
ನೋವು ತಿನ್ನುವವಳು ಹಗ್ಗ ಹಿಡಿದು ಜೋತುಬೀಳುವಳು.
ಹಳೆಯ ಮನೆಗಳ ತೊಲೆ ನೋಡು,
ಉಜ್ಜಿ ಉಜ್ಜಿ ಮರ ನುಣುಪಾದ ಜಾಗ ಇದೆ.
ನಿನ್ನಮ್ಮ ಭೂಮಿಗೆ ಬಿದ್ದದ್ದು ಅಂಥದೊಂದು ನುಣುಪಿನ ಕೆಳಗೆ.

ಸ್ಟೀಮರ್ ಹತ್ತಿ ಓಮ್ದುರ್ಮಾನಿಗೆ ಕಲಿಯಲು ಹೋದಾಗ
ನನಗೆ ನಲವತ್ತು, ಎರಡು ಹಲ್ಲು ಬಿದ್ದಿದ್ದವು.
ಬಿಳಿ ಮೇಡಂ ನಮ್ಮ ಉಗುರು ನೋಡಿದಳು,
ಏನೂ ಅನ್ನದೆ ಬ್ರಷ್ ಕೊಟ್ಟಳು.
ಮೂರು ದಿನ ಬರೀ ಕೈ ತೊಳೆದೆವು.
ಊರಿಗೂರನ್ನೇ ಎತ್ತಿಕೊಂಡ ಕೈ, ಈಗ ಹೊಲಸಾಯಿತೇ
ಎಂದು ರಾತ್ರಿ ಚಾಪೆಯ ಮೇಲೆ ಏಳು ಹೆಂಗಸರು ಕುದ್ದೆವು.
ಬೆಳಿಗ್ಗೆ ಮತ್ತೆ ತೊಳೆದೆವು.

ಒಂದು ಬಟ್ಟೆಯ ಬೊಂಬೆ ಇತ್ತು, ಹೊಟ್ಟೆ ಬುಟ್ಟಿಯದು,
ಒಳಗೆ ಅಡ್ಡಡ್ಡ ಮಲಗಿಸಿದ ಹತ್ತಿಯ ಕೂಸು.
ಮೇಲಿಂದ ಒತ್ತಿ ಹೇಳಬೇಕು: ಇದು ತಲೆ, ಇದು ಕುಂಡಿ.
ಸಿತ್ತನಾ, ದಪ್ಪಗಿದ್ದಳಲ್ಲ, ಬೊಂಬೆಯ ಹಣೆ ಒರೆಸಿ
"ಇನ್ನೊಂದೇ ಸಲ ಮುಕ್ಕು ನನ್ನವ್ವ" ಅಂದುಬಿಟ್ಟಳು.
ನಕ್ಕು ನಕ್ಕು ಮೇಡಂ ಕಣ್ಣಲ್ಲೂ ನೀರು.

ಅಕ್ಷರ ನಮಗೆ ಬಾರದು. ಔಷಧವನ್ನು ಮೂಗಿಗೆ ಕಲಿಸಿದರು.
ಕಣ್ಣು ಕಟ್ಟಿ ಸೀಸೆ ಹಿಡಿಯುವರು.
ಲೈಸಾಲ್ ಅಂದರೆ ಹೊಸದಾಗಿ ಟಾರು ಬಳಿದ ದೋಣಿ.
ಅಯೋಡಿನ್, ಹೊಳೆ ಇಳಿದಾಗಿನ ಕೆಸರಿಗೆ ತುಕ್ಕು ಬೆರೆಸಿದ್ದು.
ರಕ್ತ ಕಟ್ಟಿಸುವುದು, ನಿನ್ನೆಯ ಮೀನು.
ಕ್ವಿನೈನಿಗೆ ವಾಸನೆಯಿಲ್ಲ, ನಾಲಿಗೆಯ ತುದಿಗೆ ಮುಟ್ಟಿಸು:
ಸವತಿ ನಗುತ್ತ ಆಡಿದ ಮಾತು.

ಹೆಮ್ಮೆಯಿತ್ತು ಕಣೇ ಈ ಮೂಗಿನ ಮೇಲೆ.
ದವಾಖಾನೆಯ ಗುಮಾಸ್ತ ಒಮ್ಮೆ ಚೀಟಿ ಅದಲುಬದಲು ಅಂಟಿಸಿ ಕಳಿಸಿದ್ದ;
ಬಿರಡೆ ಸಡಿಲಿಸುತ್ತಲೇ ಹಿಡಿದೆ.
ಒಂದು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದೆ.

ಆಮೇಲೆ ರಾಬಿಹಾ.
ಚಳಿಗಾಲ, ಉತ್ತರದ ಗಾಳಿ, ನನಗೆ ನೆಗಡಿ.
ಮಾಸು ಬಿತ್ತು, ರಕ್ತ ನಿಲ್ಲಲಿಲ್ಲ.
ಆ ಸಲ ಬಂದದ್ದು ಮೂರೂ ಒಂದೇ ಅಳತೆಯ ಸೀಸೆ.
ಮೂಗಿಗೆ ಹಿಡಿದೆ: ನೀರು.
ಇನ್ನೊಂದು: ನೀರು.
ಮತ್ತೊಂದು.
ಚೀಟಿ ಇದ್ದವು ಇಹ್ಸಾನ್, ಮೂರರ ಮೇಲೂ, ಸರಿಯಾಗಿಯೇ.
ಅವಳ ಗಂಡ ಬೇಲಿಯಾಚೆ ನಿಂತಿದ್ದ, ಓದಬಲ್ಲವನು.
ಹೆರಿಗೆಯ ಕೋಣೆಗೆ ಗಂಡಸೇ, ಎಂದು
ಎಷ್ಟು ಹೊತ್ತು ನಿಂತೆನೋ.
ಕರೆದೆ.
ಅವನು ದೀಪಕ್ಕೆ ಹಿಡಿದು ಒಂದೊಂದಾಗಿ ಓದಿದ,
ಮಕ್ಕಳು ಪಾಠ ಒಪ್ಪಿಸುವ ಹಾಗೆ, ನಿಧಾನವಾಗಿ.

ಅದಕ್ಕೇ ನಿನ್ನನ್ನು ಕಳಿಸಿ ಎಂದು ನಾನೇ ಕೇಳಿದ್ದು.
ನಿನಗೆ ಮೀಸೆ ಮೂಡದ ಹುಡುಗನಷ್ಟೇ ವಯಸ್ಸು ಅಂತಾರೆ, ಅನ್ನಲಿ.

ಈ ಅರೆ ಖಾಲಿ. ಅಲ್ಲಿ ಒಂದು ಬ್ಲೇಡು ಇತ್ತು,
ಪುಟ್ಟ ಹುಡುಗಿಯರಿಗೆ ಮಾಡುತ್ತಿದ್ದೆವಲ್ಲ, ಅದರದ್ದು.
ಬಾವಿಗೆ ಹಾಕಿದೆ. ಕೇಳಿದವರಿಗೆ ಕಳೆಯಿತು ಅನ್ನು.
ನಿನ್ನನ್ನು ಕೂಯ್ದದ್ದೂ ನಾನೇ; ನಿನಗೆ ಗೊತ್ತು.

ಈಗ ಒಂದೊಂದೇ ಸೀಸೆ ತೆಗೆ, ಗಟ್ಟಿಯಾಗಿ ಓದು,
ನಾನು ಮೂಸುತ್ತೇನೆ.
ಇಬ್ಬರದೂ ಹೊಂದಿದರೆ ಬೀಗದಕೈ ನಿನ್ನದು.

ತಾಳು. ಹೊರಗೆ ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ,
ಕತ್ತೆಯ ಉಸಿರೂ ಕೇಳುತ್ತಿದೆ, ಓಡಿಸಿಕೊಂಡು ಬಂದಿದ್ದಾರೆ.
ಏಳು. ಪೆಟ್ಟಿಗೆ ಆಮೇಲೆ.
ಮೊದಲು ಕೈ.