ಅಂಕಿ ಬಿಚ್ಚುವ ಕೆಲಸ

ಗೋಣಿಕೊಪ್ಪದಲ್ಲಿ ಬಸ್ ನಿಲ್ದಾಣದ ಹಿಂದೆ,
ಮೀನಿನಂಗಡಿಗೂ ಗೊಬ್ಬರದಂಗಡಿಗೂ ನಡುವೆ
ನನ್ನ ಮೆಷಿನ್ನು.
ಪಳಂಗಪ್ಪ ಮೊದಲು ಬಂದಾಗ ಅವನಿಗೆ ಹತ್ತೊಂಬತ್ತು.
ಕಂಕುಳಲ್ಲಿ ಸ್ಟಿಕ್ಕು, ಕೈಯಲ್ಲಿ ರೈಲ್ವೆಯವರ ನೀಲಿ ಜೆರ್ಸಿ.
“ಮೊಯ್ದು ಕಾಕ, ಬೆನ್ನಿನ ಹದಿನಾಲ್ಕು ತೆಗೆದು
ಹದಿನೇಳು ಹಾಕಿ ಕೊಡಿ.
ಹದಿನಾಲ್ಕರವನ ಕಾಲು ವಾಸಿಯಾಯಿತಂತೆ.”

ಬ್ಲೇಡಿನ ಮೂಲೆಯಲ್ಲಿ
ಒಂದು ಬಿಟ್ಟು ಒಂದು ಹೊಲಿಗೆ ಕೊಯ್ಯಬೇಕು.
ಅವಸರ ಮಾಡಿದರೆ ಬಟ್ಟೆಯೇ ಬರುತ್ತದೆ.
ಅಂಕಿ ಕಳಚಿದ ಮೇಲೆ ಅಲ್ಲಿ
ಅಂಕಿಯಷ್ಟೇ ಅಗಲ,
ಬಿಸಿಲು ಕಾಣದ ಕಡು ನೀಲಿ.
“ಇದು ಹೋಗಲ್ಲ” ಅಂದೆ.
“ಇರಲಿ, ಮೇಲೆ ಇನ್ನೊಂದು ಕೂರುತ್ತಲ್ಲ” ಅಂದ.

ರೈಲ್ವೆ ಎರಡು ವರ್ಷ.
ಅಂಚೆಯವರು ಮೂರು ಹಂಗಾಮು.
ಸಕ್ಕರೆ ಕಾರ್ಖಾನೆ ಒಂದೂವರೆ:
ಕಾರ್ಖಾನೆ ಮುಚ್ಚುವ ಮೊದಲೇ ತಂಡ ಮುಚ್ಚಿದರು.
ಮದ್ರಾಸಿನ ಬ್ಯಾಂಕು, ಗುತ್ತಿಗೆ ಮೇಲೆ;
ಬೆಳಿಗ್ಗೆ ಆಟ, ಮಧ್ಯಾಹ್ನ ಚೆಕ್ಕಿಗೆ ಮೊಹರು.
ಜಲಂಧರದಲ್ಲಿ ಊಟ ಒಳ್ಳೆಯದಿತ್ತಂತೆ,
ಆಡಿಸಲಿಲ್ಲ.
ರಜೆಗೆ ಬಂದಾಗೆಲ್ಲ ಬೇರೆ ಬಣ್ಣ,
ಬೇರೆ ಅಂಕಿ. ಅದೇ ಬೆನ್ನು, ಸ್ವಲ್ಪ ಅಗಲ.

ಒಮ್ಮೆ ದೇಶದ ಶಿಬಿರಕ್ಕೆ ಕರೆದರು,
ಮೂವತ್ತಮೂರು ಮಂದಿಯಲ್ಲಿ ಒಬ್ಬ.
ಪೇಪರಿನವರು ‘ಪಳನಿಯಪ್ಪ’ ಎಂದು ಹಾಕಿದರು.
ಮೂವತ್ತಮೂರು ಹದಿನೆಂಟಾದಾಗ
ಪಳನಿಯಪ್ಪನೂ ಇರಲಿಲ್ಲ,
ಪಳಂಗಪ್ಪನೂ ಇರಲಿಲ್ಲ.
ಆ ತುಂಡು ನನ್ನ ಮೆಷಿನ್ನಿನ ರೆಕ್ಸಿನ್ ಕೆಳಗಿದೆ,
ಎಣ್ಣೆ ಕುಡಿದು ಗಾಜಿನ ಹಾಗಾಗಿದೆ.
ಹೆಸರು ಈಗ ಎರಡೂ ಕಡೆಯಿಂದ ಕಾಣುತ್ತದೆ,
ತಪ್ಪಾಗಿಯೇ.

ಲಡಾಖಿನಿಂದ ಬಂದ ವರ್ಷ
ಕಂಬಳಿಯಷ್ಟು ದಪ್ಪದ ಅಂಗಿ ತಂದ.
ಅಲ್ಲಿ ಸೇನೆಯ ಗೆಳೆಯನೊಬ್ಬ, ಆಳು ಸಾಲದೆ,
ಹೆಪ್ಪುಗಟ್ಟಿದ ಕೆರೆಗೆ ಇಳಿಸಿದನಂತೆ.
“ಕಾಲಿಗೆ ಕತ್ತಿ ಕಟ್ಟುತ್ತಾರೆ ಕಾಕ.
ಚೆಂಡಿಲ್ಲ, ಕಪ್ಪು ಬಿಲ್ಲೆ.
ಹೊಡೆದರೆ ನಿಲ್ಲುವುದೇ ಇಲ್ಲ,
ನಾನೂ ನಿಲ್ಲಲಿಲ್ಲ, ಗೋಲಿನೊಳಗೇ ಹೋಗಿ ಬಿದ್ದೆ.”
ನಾನು ಕಂಡ ಮಂಜುಗಡ್ಡೆ
ಪಕ್ಕದ ಅಂಗಡಿಯಲ್ಲಿ ಮತ್ತಿಮೀನಿನ ಮೇಲಿನದು.
ಅದರ ಮೇಲೆ ಇವನು ಜಾರುವುದನ್ನು ನೆನೆದು
ನಕ್ಕೆ. ಅವನು ನಗುತ್ತಲೇ
ಮಂಡಿ ಒತ್ತಿಕೊಂಡ.
ಆ ಮಂಡಿಯನ್ನು ನಾನು ಆಗಲೇ ಗಮನಿಸಬೇಕಿತ್ತು,
ಪ್ಯಾಂಟಿನ ಅಳತೆ ತೆಗೆಯುವವನು ನಾನಲ್ಲವೇ.

ನಲವತ್ತಮೂರಕ್ಕೆ ಬಂದ,
ಬಿಚ್ಚಲಿಕ್ಕಲ್ಲ, ಹೊಲಿಸಲಿಕ್ಕೆ.
ನಾಪೋಕ್ಲಿನಲ್ಲಿ ಒಕ್ಕಗಳ ಪಂದ್ಯ,
ಹದಿನಾರು ಜೆರ್ಸಿ, ಎದುರಿಗೆ ಪಟ್ಟಿ:
ಅಕ್ಕನ ಮಗ ಬಿದ್ದಪ್ಪನಿಗೆ ಒಂಬತ್ತೇ ಬೇಕು,
ಕಾಲೇಜಿನ ದೇಚಮ್ಮನಿಗೆ ಏಳು,
ಎಪ್ಪತ್ತರ ಮಾಚಯ್ಯನಿಗೆ, ಫೋಟೊಗೆ ಮಾತ್ರ, ಒಂದು.
ತನ್ನ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ.
“ನಿಂಗೆ?”
“ಉಳಿದದ್ದು.”

ಅಕ್ಕನ ಮಗ ಒಕ್ಕಕ್ಕೆ ಹೇಗೆ ಸೇರುತ್ತಾನೆ ಎಂದು ಕೇಳಿದೆ.
“ಆಳು ಸಾಲದು ಕಾಕ” ಅಂದ,
ಮತ್ತೆ ಅದೇ ಮಾತು.

ಇಪ್ಪತ್ತನಾಲ್ಕು ವರ್ಷ ಅವನಿಗೆ ಯಾರೋ ಕೊಟ್ಟ ಅಂಕಿ.
ಆ ರಾತ್ರಿ ಮೊದಲ ಸಲ ನಾನು ಕೊಡಬೇಕಾಯಿತು.
ಹದಿನಾಲ್ಕನ್ನು ಎರಡು ಸಾಲು ಹೊಲಿದೆ,
ಬ್ಲೇಡು ಸುಲಭಕ್ಕೆ ಹೋಗದ ಹಾಗೆ.

ನಾಲ್ಕು ಒಂದರಿಂದ ಸೋತರು.
ಕೊನೆಯ ಒಂಬತ್ತು ನಿಮಿಷಕ್ಕೆ ಅವನನ್ನು ಇಳಿಸಿದರು.
ಚೆಂಡು ಎತ್ತ ಹೋಯಿತೋ,
ನಾನು ಭುಜದ ಹೊಲಿಗೆ ನೋಡುತ್ತಿದ್ದೆ.
ಒಮ್ಮೆ ಬಲಗಡೆ ಎಳೆಯಿತು, ಹಿಡಿಯಿತು.
ದೇಚಮ್ಮ “ಮಾಮ, ಬಿಡಿ, ಬಿಡಿ!” ಎಂದು ಕೂಗಿದಳು;
ಬಿಟ್ಟ, ಅವಳ ಸ್ಟಿಕ್ಕಿಗೇ ಹೋಯಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ, ಅಷ್ಟು ಸಲೀಸು.

ಸೋಮವಾರ ಅಂಗಡಿಗೆ ಬಂದ.
ಅಂಗಿಯ ಗುಂಡಿಯೊಂದು ಕಿತ್ತಿತ್ತು.
ಹದಿನಾಲ್ಕರ ಮಾತು ಅವನೂ ಎತ್ತಲಿಲ್ಲ, ನಾನೂ.
ಗುಂಡಿ ಹಾಕಿದ ಮೇಲೂ
ಕಾಲು ಚಾಚಿಕೊಂಡು ಕೂತೇ ಇದ್ದ,
ಪಕ್ಕದವನು ಮಂಜುಗಡ್ಡೆ ಒಡೆಯುವುದನ್ನು ನೋಡುತ್ತ.