ಒಂದು ಕಡೆಯ ದನಿ

ಶಿಡ್ಲಘಟ್ಟದ ರೇಷ್ಮೆ ಸಹಕಾರ ಸಂಘದ ಆಫೀಸಿಗೆ
ಹೊಸ ಫೋನು ಕೂರಿಸಲು ಹೋಗಿದ್ದೆ.
ಹಳೇ ಡಬ್ಬಿಯ ಕೆಂಪು ನೀಲಿ ತಂತಿಗಳ ಗೊಂಚಲು ಕಿತ್ತು
ಮೂಲೆಗೆ ಎಸೆದಾಗ
ಒಳಗಿಂದ ಒಂದು ಹಲ್ಲಿ ಓಡಿತು, ಎರಡು ಒಣಗಿದ ಚಿಟ್ಟೆ ಬಿದ್ದವು.
ಹೊರಗೆಲ್ಲ ಬೇಯುವ ಗೂಡಿನ ವಾಸನೆ.
ಮಧ್ಯಾಹ್ನದ ಹೊತ್ತಿಗೆ ಮೂಗು ಅದನ್ನು ಲೆಕ್ಕಕ್ಕಿಡಲಿಲ್ಲ.

ನಾನು ಕಂಬ ಹತ್ತಿ ಕೆಲಸ ಕಲಿತವನು.
ಈ ಫೋನುಗಳೋ, ಬಹಳ ಮರ್ಯಾದಸ್ಥವು.
ಒಂದು ಇನ್ನೊಂದನ್ನು ಮಾತಾಡಿಸುವ ಮೊದಲು
ಬರವಣಿಗೆಯಲ್ಲಿ ಕರೆಯುತ್ತದೆ: ದಯಮಾಡಿ ಬನ್ನಿ.
ನಡುವಿನ ಸರ್ವರ್ ಅನ್ನುತ್ತದೆ, ನೋಡ್ತಾ ಇದೀನಿ, ತಾಳಿ.
ಆಚೆಯದು, ಗಂಟೆ ಹೊಡೀತಾ ಇದೆ.
ಎತ್ತಿದರೆ ಇನ್ನೂರು; ಇನ್ನೂರು ಎಂದರೆ ಆಗಲಿ.
ಆಗಲಿ ಎಂದದ್ದು ತಲುಪಿತು ಅಂತ ಈಚೆಯಿಂದ ಇನ್ನೊಂದು ಚೀಟಿ.
ಹೊರಡುವಾಗಲೂ ಹೇಳದೆ ಹೊರಡುವಂತಿಲ್ಲ,
ಬರ್ತೀನಿ ಎಂದರೆ ಅದಕ್ಕೂ ಇನ್ನೂರು.
ನಮ್ಮ ಬೀಗರು ಇಷ್ಟು ನಯವಾಗಿ ನಡೆದುಕೊಂಡವರಲ್ಲ.

ಮಾತು ಶುರುವಾದ ಮೇಲೆ ಮಾತ್ರ ಬೇರೆ ದಾರಿ, ಬೇರೆ ಸ್ವಭಾವ.
ಸೆಕೆಂಡಿಗೆ ಐವತ್ತು ತುಂಡು ದನಿ,
ಪ್ರತಿ ತುಂಡಿನ ಬೆನ್ನಿಗೂ ನಂಬರು,
ಹೊರಟವು ಅಂದರೆ ಹೊರಟವು.
ತಲುಪಿತೇ ಎಂದು ಯಾರೂ ಕೇಳುವುದಿಲ್ಲ.
ಹಿಂದುಮುಂದಾಗಿ ಬಂದವನ್ನು ಬಾಗಿಲಲ್ಲಿ ಒಂದು ಕ್ಷಣ ತಡೆದು
ಸಾಲು ಮಾಡಿ ಒಳಗೆ ಬಿಡುತ್ತಾರೆ.
ಬಿದ್ದುಹೋದದ್ದು ಬಿದ್ದುಹೋಯಿತು.
ಎದುರಿನ ಫಿಲೇಚರಿನಲ್ಲಿ ಹೆಂಗಸರು ಕಡಿದ ಎಳೆಯನ್ನು
ಬಿಸಿನೀರಲ್ಲಿ ಹುಡುಕಿ, ಬೆರಳಲ್ಲೇ ಸೇರಿಸುತ್ತಾರೆ.
ಇಲ್ಲಿ ಆ ಕೆಲಸ ಕೇಳುವ ಕಿವಿಯದು.

ಮೊದಲ ಪರೀಕ್ಷೆಗೆ ಕೂತವರು ತೂಕದ ಲೆಕ್ಕದ ಮುನಿತಾಯಮ್ಮ.
ಒತ್ತಿದ್ದು ಚಿಂತಾಮಣಿ ಶಾಖೆ, ಕ್ಯಾಷಿಯರ್ ಖಲಂದರ್ ಸಾಬರ ಮೇಜು.
ಗಂಟೆ ಆಯಿತು, ಆಗಲಿ ಆಯಿತು.
"ಸಾಬ್ರೇ? ಸಾಬ್ರೇ, ಕೇಳಿಸ್ತಾ ಐತಾ?"
ಏನೂ ಇಲ್ಲ.
"ಸತ್ತೋಗೈತೆ ಕಣಪ್ಪ" ಎಂದರು ನನಗೆ.
ಪ್ಲೈವುಡ್ ಗೋಡೆಯಾಚೆ ಲ್ಯಾಪ್‌ಟಾಪ್ ಬಿಡಿಸಿಕೊಂಡು,
"ಇಡಬೇಡಿ ಮೇಡಂ, ಏನಾದರೂ ಮಾತಾಡ್ತಾ ಇರಿ" ಎಂದೆ.

ಏನಾದರೂ ಅಂದರೆ ಏನು?
ಒಂದು, ಎರಡು, ಮೂರು ಎಣಿಸಿದರು.
ಹನ್ನೆರಡಕ್ಕೆ ನಿಂತರು.
ಆಮೇಲೆ ದನಿ ಇಳಿಸಿ, ಯಾರೂ ಇಲ್ಲದ ಫೋನಿಗೆ:
"ಆ ನಲವತ್ತೈದು ಕಿಲೋ, ಸಾಬ್ರೇ.
ಎಂಬತ್ಮೂರನ್ನ ಮೂವತ್ತೆಂಟು ಅಂತ ಬರೆದಿದ್ದು ನಾನೇ.
ಟ್ರಾನ್ಸ್‌ಫರ್ ನಿಮಗಾಯ್ತು.
ಆರು ವರ್ಷ."

ತೆರೆಯ ಮೇಲೆ ನೋಡುತ್ತಿದ್ದೆ,
ಅವರ ತುಂಡುಗಳು ಇರುವೆ ಸಾಲಿನಂತೆ ಹೋಗುತ್ತಲೇ ಇದ್ದವು.
ಕೆಟ್ಟಿದ್ದು ಬರುವ ದಾರಿ.
ವಿಳಾಸ ಕೊಡು ಅಂದಾಗ ನಮ್ಮ ಕಡೆಯ ಫೋನು
ಮನೆಯೊಳಗಿನ ಗುರುತು ಕೊಟ್ಟಿತ್ತು:
ಅಡುಗೆಮನೆ ದಾಟಿ ಎಡಗಡೆ ಕೋಣೆ.
ಬೀದಿಯಿಲ್ಲ, ಊರಿಲ್ಲ.
ಅಂಥ ಕೋಣೆ ಚಿಂತಾಮಣಿಯಲ್ಲೂ ಇದೆ, ಎಲ್ಲ ಊರಲ್ಲೂ ಇದೆ.
ಸಾಬರು ಏನಂದರೋ, ಎಷ್ಟಂದರೋ,
ಅಲ್ಲೇ ಗೋಡೆಗಳ ನಡುವೆ ಸುತ್ತಿ ಇಲ್ಲವಾಯಿತು.

ರೂಟರಿನಲ್ಲಿ ಒಂದು ಸಾಲು ತಿದ್ದಿದೆ.
ಹಿಡಿದಿಟ್ಟ ಫೈಲಿನಲ್ಲಿ ಆಕೆಯ ದನಿ ಬೀಗವಿಲ್ಲದೆ ಬಿದ್ದಿತ್ತು,
ಒತ್ತಿದರೆ ಮತ್ತೆ ಕೇಳಬಹುದು.
ಅಳಿಸಿದೆ. ಕಸದಬುಟ್ಟಿಯಿಂದಲೂ.

ಎರಡನೇ ಸಲ ಸ್ಪೀಕರ್ ಹಾಕಿಸಿದೆ.
ಬನ್ನಿ, ತಾಳಿ, ಗಂಟೆ, ಆಗಲಿ.
"ಈಗ ಕೇಳಿಸ್ತಾ ಐತಾ ಸಾಬ್ರೇ?"
"ಆಗಲೂ ಕೇಳಿಸ್ತಿತ್ತಮ್ಮ.
ನಂದು ನಿಮಗೆ ಕೇಳಿಸ್ಲಿಲ್ಲ, ಅಷ್ಟೇ."

ಮೌನಕ್ಕೂ ಇಲ್ಲಿ ತುಂಡುಂಟು, ಬೆನ್ನಿಗೆ ನಂಬರುಂಟು.
ನಾಲ್ಕು ಸೆಕೆಂಡು.
ಆ ಕಡೆಯಿಂದ ಇನ್ನೂರು, ಈ ಕಡೆಯಿಂದ ಇನ್ನೂರು.
ಒಂದೂ ಬೀಳಲಿಲ್ಲ.

"ಇವತ್ತು ಗೂಡು ಎಷ್ಟಕ್ಕೆ ಹೋಯ್ತು?" ಅಂದರು ಸಾಬರು.
ಮುನಿತಾಯಮ್ಮ ರಿಜಿಸ್ಟರ್ ಎಳೆದುಕೊಂಡರು, ಕನ್ನಡಕ ಹುಡುಕಿದರು,
ಬೆರಳಿಟ್ಟು, ಒಂದೊಂದೇ ಅಂಕಿಯನ್ನು
ಎರಡೆರಡು ಸಲ ಓದತೊಡಗಿದರು.